ಒದ್ದೆ ಹೊಯ್ಗೆ ಗಟ್ಟಿಯಲ್ಲ

1995ರ ಜುಲೈ. ಸೌದಿಯ ಹುಫೂಫಿನಲ್ಲಿ ಖರ್ಜೂರದ ಕಾಯಿ ಹಳದಿಗೆ ತಿರುಗುವ ಕಾಲ. ಶುಕ್ರವಾರ, ಜುಮಾ ನಮಾಝ್ ಮುಗಿದ ಹೊತ್ತು. ಪಕ್ಕದ ಮನೆಯ ಅಬ್ದುಲ್ ಜಲೀಲ್ ಹೆಂಡತಿ ಮಸೂದಾಳನ್ನೂ ಐದು ವರ್ಷದ ಮಗಳು ಅಸೀಲಾಳನ್ನೂ ಕಾರಿಗೆ ಹತ್ತಿಸುತ್ತಿದ್ದ. ತಾಯಿ ಮಗಳು ಊರಿನಿಂದ ಬಂದು ತಿಂಗಳಾಗಿತ್ತು. ಕಂಡದ್ದು ನಾಲ್ಕು ಗೋಡೆ ಮಾತ್ರ.

"ಈ ಬಿಸಿಲಲ್ಲಿ ಎಲ್ಲಿಗೆ ಮಾರಾಯ?" ಎಂದು ಕೇಳಿದೆ.

"ಕೆರೆ ರಸ್ತೆಗೆ, ಪೊಡಿಯಬ್ಬಾಕ. ಮಗಳಿಗೆ ನೀರು ನೋಡಬೇಕಂತೆ."

ಆ ರಸ್ತೆ ಚಂದ, ನಿಜ. ಮರಳಿನ, ನಮ್ಮೂರ ಮಾತಿನಲ್ಲಿ ಹೊಯ್ಗೆಯ, ಗುಡ್ಡಗಳ ನಡುವೆ ಹೋಗುತ್ತದೆ, ದೂರದಲ್ಲಿ ಕೆರೆ ಹೊಳೆಯುತ್ತದೆ. ನಾನು ಅಲ್ಲಿ ವರ್ಷಗಟ್ಟಲೆ ನೀರಿನ ಟ್ಯಾಂಕರ್ ಓಡಿಸಿದವನು.

"ಹೋಗು. ಆದರೆ ಡಾಮರು ಬಿಟ್ಟು ಇಳಿಯಬೇಡ. ಕೆರೆಯ ಅಂಚು ಸಬ್ಖಾ. ಮೇಲೆ ಉಪ್ಪಿನ ಪದರ, ಕೆಳಗೆ ಕೆಸರು."

ಜಲೀಲ್ ನಕ್ಕ. "ಉಳ್ಳಾಲದವನಿಗೆ ಹೊಯ್ಗೆ ಪಾಠವಾ? ಒಣ ಹೊಯ್ಗೆಯಲ್ಲಿ ಚಕ್ರ ಹೂತುಹೋಗ್ತದೆ, ಒದ್ದೆ ಹೊಯ್ಗೆ ಗಟ್ಟಿ. ನಾನು ಸೈಕಲ್ ಕಲಿತದ್ದೇ ಅದರ ಮೇಲೆ."

"ಅಲ್ಲಿ ಕಡಲು ಮಾರಾಯ. ಇಲ್ಲಿ ಹಾಗಲ್ಲ. ನೀರು ಎಷ್ಟು ಉಂಟು?"

"ಎರಡು ಬಾಟ್ಲಿ. ಅಸರ್ ಹೊತ್ತಿಗೆ ವಾಪಸ್ ಬರ್ತೇವಲ್ಲ!"

ನನ್ನ ನೀರಿನ ಕ್ಯಾನ್ ತಂದು ಹಿಂದಿನ ಸೀಟಿನಲ್ಲಿಟ್ಟೆ. ಮಸೂದಾಳಿಗೆ ಹೇಳಿದೆ: "ಗಾಡಿ ಸಿಕ್ಕಿಬಿದ್ದರೆ ಯಾರೂ ಇಳಿದು ನಡೆಯಬಾರದು ಮಗಳೇ. ಹುಡುಕುವವರಿಗೆ ಗಾಡಿ ಕಾಣ್ತದೆ, ಮನುಷ್ಯ ಕಾಣುವುದಿಲ್ಲ."

ಸಂಜೆಯ ಅಸರ್ ಆಯಿತು, ಹೊತ್ತು ಮುಳುಗಿ ಮಗ್ರಿಬ್ ಆಯಿತು. ಅವರು ಬರಲಿಲ್ಲ. ಪೊಲೀಸರಿಗೆ ತಿಳಿಸಿದೆ.

ಮರುದಿನ ಬೆಳಗ್ಗೆ ಪೊಲೀಸರ ಜೀಪಿನಲ್ಲಿ ಹೋದೆವು. ರಸ್ತೆಯಿಂದ ನಾಲ್ಕು ಮೈಲು ಒಳಗೆ, ನೀರಿನ ಅಂಚಿನಲ್ಲಿ ಕಾರಿನ ಮುಂಭಾಗ ಬಾಗಿಲಿನವರೆಗೆ ಹೂತಿತ್ತು. ಹಿಂದಿನ ಗಟ್ಟಿ ನೆಲದಲ್ಲಿ, ಅದರ ನೆರಳಿಗೆ ಕುಳಿತು ಮಸೂದಾ ಕ್ಯಾನಿನ ಮುಚ್ಚಳದಲ್ಲಿ ಮಗಳಿಗೆ ನೀರು ಕುಡಿಸುತ್ತಿದ್ದಳು. ಜಲೀಲ್ ಕಾಣಲಿಲ್ಲ.

"ಬೇಡ ಅಂದೆ. ರಸ್ತೆ ಇಲ್ಲೇ ಉಂಟು, ಜನ ಕರ್ಕೊಂಡು ಬರ್ತೇನೆ ಅಂತ ನಿನ್ನೆಯೇ ಹೋದರು," ಎಂದಳು.

"ನೀರು?"

"ಮಗಳಿಗೆ ಇರಲಿ ಅಂದರು."

ಜಲೀಲ್ ಮಧ್ಯಾಹ್ನ ಸಿಕ್ಕಿದ. ದಿಕ್ಕು ತಪ್ಪಿ, ರಸ್ತೆಗೆ ಬೆನ್ನು ಹಾಕಿ ನಡೆದಿದ್ದ. ಜೀವ ಇರಲಿಲ್ಲ.

ದಮ್ಮಾಮಿನಿಂದ ಮಸೂದಾಳ ಅಣ್ಣ ರಝಾಕ್ ಬಂದ. ಅವನಿಗೂ ನಂಬಿಕೆ ಬರಲಿಲ್ಲ. "ಒದ್ದೆ ಹೊಯ್ಗೆಯಲ್ಲಿ ಕಾರು ಮುಳುಗ್ತದಾ? ಎಂತ ಕಥೆ ಹೇಳ್ತೀರಿ?"

ದಫನ್ ಮುಗಿದ ಮರುದಿನ ಅವನನ್ನು ಅಲ್ಲಿಗೇ ಕರೆದೊಯ್ದೆ. ನನ್ನ ಕೈ ಹಿಡಿದು ಒಂದು ಹೆಜ್ಜೆ ಇಟ್ಟ. ಉಪ್ಪು ಹಪ್ಪಳದ ಹಾಗೆ ಮುರಿದು, ಕಾಲು ಮೊಣಕಾಲಿನವರೆಗೆ ಇಳಿಯಿತು. ಎಳೆದು ತೆಗೆದೆ. ಚಪ್ಪಲಿ ಬರಲಿಲ್ಲ.

"ಭಾವನಿಗೆ ಇದನ್ನು ತೋರಿಸಬೇಕಿತ್ತು ನೀವು," ಎಂದ.

ಹೌದು. ನಾನು ಹೇಳಿದ್ದೆ, ತೋರಿಸಿರಲಿಲ್ಲ.

ಕಡಲ ತೀರದಿಂದ ಬಂದ ಅಣ್ಣತಮ್ಮಂದಿರೇ, ಊರಿನ ಹೊಯ್ಗೆಯ ಬುದ್ಧಿಯನ್ನು ಇಲ್ಲಿ ನಂಬಬೇಡಿ. ಕೆರೆಯನ್ನು ಡಾಮರಿನ ಮೇಲೆ ನಿಂತೇ ನೋಡಿ. ಎರಡು ಬಾಟ್ಲಿಯಲ್ಲ, ಎರಡು ದಿನಕ್ಕಾಗುವಷ್ಟು ನೀರು ಇಟ್ಟುಕೊಳ್ಳಿ. ಎಲ್ಲಿಗೆ ಹೋಗುತ್ತೀರಿ, ಯಾವಾಗ ಬರುತ್ತೀರಿ ಎಂದು ಒಬ್ಬರಿಗಾದರೂ ಹೇಳಿ ಹೊರಡಿ. ಸಿಕ್ಕಿಬಿದ್ದರೆ ಗಾಡಿಯ ಹತ್ತಿರವೇ ಇರಿ.

ಮಸೂದಾ ಮತ್ತು ಅಸೀಲಾ ಮುಂದಿನ ಗುರುವಾರ ಊರಿಗೆ ಹೊರಟರು. ಜಲೀಲ್ ಹುಫೂಫಿನಲ್ಲೇ ಉಳಿದ.