ರುದ್ರಾಣಮ್ಮನವರ ಎರಡನೇ ಡಬ್ಬ

ನಾನು ಒಂದು ಸೆಟ್‌ಟಾಪ್ ಬಾಕ್ಸು. ಊರಿನವರ ಬಾಯಲ್ಲಿ ಡಬ್ಬ. ಹಾಗೆ ಕರೆದರೆ ನನಗೇನೂ ಬೇಜಾರಿಲ್ಲ, ಡಬ್ಬವೇ ತಾನೆ. ನನಗೆ ಸಿಟ್ಟಿರುವುದು ಬೇರೆ ವಿಷಯಕ್ಕೆ. ಅದನ್ನು ಯಾರಿಗಾದರೂ ಹೇಳದಿದ್ದರೆ ಉಂಡದ್ದು ಅರಗುವುದಿಲ್ಲ, ನಾನು ಉಣ್ಣುವುದು ಬರೀ ಕರೆಂಟೇ ಆದರೂ.

ಹುಟ್ಟಿದ್ದು ದೊಡ್ಡದೊಂದು ಶೆಡ್ಡಿನಲ್ಲಿ. ನೀಲಿ ಟೋಪಿಯ ಹೆಣ್ಣುಮಕ್ಕಳು ಸಾಲಾಗಿ ಕೂತು ನನ್ನ ಹೊಟ್ಟೆಯೊಳಗೆ ಹಸಿರು ಹಲಗೆ ಕೂರಿಸಿದರು, ಬೆನ್ನಿಗೆ ತೂತುಗಳನ್ನಿಟ್ಟರು. ಒಂದು ಮಾಳಿಗೆಯ ಮೇಲಿನ ಡಿಶ್ಶಿನ ವೈರಿಗೆ, ಒಂದು ಟಿ.ವಿ.ಗೆ, ಒಂದು ಕರೆಂಟಿಗೆ. ಕೊನೆಗೆ ಮೂಲೆಯಲ್ಲಿ ಚೌಕವಾದ ಇನ್ನೊಂದು ತೂತು, ಟೆಲಿಫೋನಿನ ವೈರಿಗೆ. ಚಿತ್ರ ತೋರಿಸುವವನಿಗೆ ಟೆಲಿಫೋನ್ ಯಾಕಪ್ಪ ಅಂತ ಆಗ ನನಗೆ ಗೊತ್ತಾಗಲಿಲ್ಲ. ಹೊಸ ಹುಮ್ಮಸ್ಸು ನೋಡಿ, ಕೊಟ್ಟಿದ್ದೆಲ್ಲ ಒಡವೆ ಅಂದುಕೊಂಡಿದ್ದೆ.

ಅಲ್ಲಿಂದ ತಿಪಟೂರಿಗೆ ಬಂದೆ. ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಅನ್ಸರ್ ಎಂಬವನ ಟಿ.ವಿ. ಅಂಗಡಿ. ಅಲ್ಲಿ ಇಪ್ಪತ್ತು ದಿನ ಕೂತ ಮೇಲೆ ನನ್ನನ್ನು ಕೊಂಡವರು ರುದ್ರಾಣಮ್ಮ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಅವರ ಯಜಮಾನರು ಮರುಳಯ್ಯ, ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಮಂಡಿ ಆಪರೇಷನ್ ಆದಮೇಲೆ ಹಿಂದಿನ ಕೋಣೆಯ ಮಂಚವೇ ಅವರ ಮೈದಾನ. ಮನೆಯಲ್ಲಿ ಮೊದಲೇ ಒಂದು ಡಬ್ಬ ಹಜಾರದಲ್ಲಿತ್ತು. ಆದರೆ ಸಂಜೆಯಾದರೆ ಅಮ್ಮನಿಗೆ ಧಾರಾವಾಹಿ ಬೇಕು, ಮೇಷ್ಟ್ರಿಗೆ ಕಬಡ್ಡಿ ಬೇಕು. ದಿನಾ ಜಗಳ. ಜಗಳ ಹರಿಯಲಿ ಅಂತ ಎರಡನೇ ಟಿ.ವಿ., ಅದಕ್ಕೆ ಎರಡನೇ ಡಬ್ಬವಾಗಿ ನಾನು.

ಅನ್ಸರ್ ಮಾರುವ ಮೊದಲು ನಿಯಮ ಹೇಳಿದ. ಮೊದಲ ಡಬ್ಬಕ್ಕೆ ತಿಂಗಳಿಗೆ ಇನ್ನೂರು. ಅದೇ ಮನೆಯ ಎರಡನೇ ಡಬ್ಬಕ್ಕೆ ಅರ್ಧ, ಅಂದರೆ ನೂರು. ಆದರೆ ಎರಡೂ ಒಂದೇ ಮನೆಯಲ್ಲಿವೆ ಅಂತ ಡಿಶ್ಶಿನ ಕಂಪನಿಗೆ ಖಾತ್ರಿಯಾಗಬೇಕು. ಅದಕ್ಕಾಗಿ ಎರಡಕ್ಕೂ ಮನೆಯ ಲ್ಯಾಂಡ್‌ಲೈನಿನ ವೈರು ಸಿಕ್ಕಿಸಿರಬೇಕು. ತಿಂಗಳಿಗೊಂದು ಸಲ ಡಬ್ಬಗಳೇ ಆ ಲೈನಿನಿಂದ ಕಂಪನಿಗೆ ಫೋನ್ ಮಾಡಿ, ನಾವಿಬ್ಬರೂ ಇಲ್ಲೇ ಇದ್ದೇವೆ ಅಂತ ವರದಿ ಒಪ್ಪಿಸುತ್ತವೆ. ವರದಿ ಹೋಗದಿದ್ದರೆ ಎರಡನೆಯದಕ್ಕೂ ಪೂರ್ತಿ ಶುಲ್ಕ.

ರುದ್ರಾಣಮ್ಮ ಕನ್ನಡಕ ತೆಗೆದು ಅವನನ್ನೇ ನೋಡಿದರು. "ಅಂದ್ರೆ ಇದು ನಮ್ಮನೇಲಿ ಕೂತು ನಮ್ಮ ಮೇಲೇ ಚಾಡಿ ಹೇಳುತ್ತಾ?" ಅಂದರು. ಅನ್ಸರ್ ತಲೆ ಕೆರೆದುಕೊಂಡ.

ಅಯ್ಯೋ, ಆಗ ನನಗಾದ ಅವಮಾನ! ಉಂಡ ಮನೆಗೆ ಎರಡು ಬಗೆಯುವವನು ಅಂತ ಮೊದಲ ದಿನವೇ ಹಣೆಪಟ್ಟಿ. ನಾನೇನು ಆ ತೂತು ಬೇಕು ಅಂತ ಅರ್ಜಿ ಹಾಕಿದ್ದೆನೇ? ಆದರೂ ಅವರ ಮಾತಿನಲ್ಲಿ ತಪ್ಪಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಆ ಕಾಲದ ಎಕ್ಸ್‌ಚೇಂಜ್ ಅಂದರೆ ತಾಲೂಕಿನ ಗುಟ್ಟೆಲ್ಲ ಆಪರೇಟರ್ ಕಿವಿಯ ಮೇಲೇ ಹಾದುಹೋಗಬೇಕು. ಯಾರ ಮಗಳನ್ನು ಯಾರು ಒಲ್ಲೆ ಅಂದರು, ಯಾವ ಕೊಬ್ಬರಿ ಮಂಡಿ ಮುಳುಗುತ್ತಿದೆ, ಯಾರ ಮನೆಗೆ ಸಾವಿನ ಸುದ್ದಿ ಬಂತು, ಎಲ್ಲ. ಒಂದು ಮಾತನ್ನೂ ಅವರು ಆಚೆ ಹಾಕಿದವರಲ್ಲ. ಕಟ್ಟಿಕೊಂಡ ಗಂಡನಿಗೂ ಹೇಳಿದವರಲ್ಲ. ಅದನ್ನು ಮೇಷ್ಟ್ರೇ ಬಂದವರ ಮುಂದೆ ದೂರಿನಂತೆ ಹೇಳುತ್ತಿದ್ದರು, ಒಳಗೊಳಗೆ ಹೆಮ್ಮೆಪಡುತ್ತಿದ್ದರು. ಅಂಥವರ ಮನೆಗೆ ನಾನು ಹೋದೆ.

ಎಂಟು ತಿಂಗಳು ಸುಖವಾಗಿದ್ದೆವು. ತಿಂಗಳ ಐದನೇ ತಾರೀಖು ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ತಾನಾಗಿ ಕುಟುಕುಟು ಅನ್ನುತ್ತಿತ್ತು, ಅರ್ಧ ನಿಮಿಷದಲ್ಲಿ ಮುಗಿಯುತ್ತಿತ್ತು. "ಒಪ್ಪಿಸ್ತಾ ಇದೆ ನೋಡ್ರಿ" ಅಂತ ಅಮ್ಮ ಅಡುಗೆಮನೆಯಿಂದಲೇ ಹೇಳುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು. ಮೇಷ್ಟ್ರು ಮಾತ್ರ ನನ್ನ ತಲೆಯ ಮೇಲೆ ಕರ್ಚೀಫು ಹಾಸಿ, ಧೂಳು ಕೂರದಂತೆ ನೋಡಿಕೊಂಡರು.

ಒಂಬತ್ತನೇ ತಿಂಗಳು ಒಳಚರಂಡಿಗೆ ಅಂತ ರಸ್ತೆ ಅಗೆದರು. ಗುತ್ತಿಗೆದಾರನ ಯಂತ್ರ ಟೆಲಿಫೋನಿನ ಕೇಬಲ್ಲನ್ನು ಕಬ್ಬಿನ ಜಲ್ಲೆಯ ಹಾಗೆ ತುಂಡು ಮಾಡಿ ಮುಂದೆ ಹೋಯಿತು. ಇಡೀ ಬೀದಿಯ ಫೋನು ಸತ್ತಿತು. ಚರಂಡಿ ಮುಗಿಯುವತನಕ ಹೊಸ ಕೇಬಲ್ ಹಾಕಿ ಪ್ರಯೋಜನವಿಲ್ಲ, ನಾಲ್ಕು ತಿಂಗಳಾದರೂ ಬೇಕು ಅಂತ ಟೆಲಿಫೋನಿನವರು ಅಂದರಂತೆ. ಐದನೇ ತಾರೀಖು ಹನ್ನೊಂದಕ್ಕೆ ನಾನು ಅಭ್ಯಾಸದಂತೆ ಲೈನು ಎತ್ತಿದೆ. ಒಂದು ಸದ್ದಿಲ್ಲ. ಮೂರು ಸಲ ನೋಡಿದೆ, ಸುಮ್ಮನಾದೆ.

ಸುಮ್ಮನಾಗದವರು ರುದ್ರಾಣಮ್ಮ. ಲೈನು ಕೆಟ್ಟರೆ ಆಪರೇಟರ್ ಕೈಕಟ್ಟಿ ಕೂರುವ ಹಾಗಿಲ್ಲ, ಸುದ್ದಿ ಹೇಗಾದರೂ ತಲುಪಬೇಕು. ಅದು ಅವರ ಹಳೇ ಪಾಠ. ಸೀರೆ ಬದಲಾಯಿಸಿ, ಆಚೆ ಬೀದಿಯ ಔಷಧದ ಅಂಗಡಿಯ ಮುಂದಿನ ಕಾಯಿನ್ ಬೂತಿಗೆ ನಡೆದು, ಕಂಪನಿಯ ನಂಬರಿಗೆ ತಾವೇ ಫೋನ್ ಮಾಡಿದರು. ನಾನು ಹೇಳಬೇಕಾದ್ದನ್ನು ನನ್ನ ಬದಲು ಹೇಳಿದರು. ಅತ್ತ ಕಡೆ ಮಾತಾಡಿದವರ ಹೆಸರು ಕೇಳಿದರು. ತಾರೀಖು, ಗಂಟೆ, ನಿಮಿಷ, ಹೆಸರು, ದೂರಿನ ನಂಬರು, ಎಲ್ಲ ಡೈರಿಯಲ್ಲಿ ಬರೆದರು, ಒಂದು ಕಾಲದಲ್ಲಿ ಟ್ರಂಕ್ ಕಾಲ್ ಚೀಟಿ ಬರೆಯುತ್ತಿದ್ದ ಹಾಗೆ. ಮುಂದಿನ ತಿಂಗಳೂ ಹೋದರು. ಅದರ ಮುಂದಿನ ತಿಂಗಳೂ. ನಾಲ್ಕು ತಿಂಗಳು, ನಾಲ್ಕು ಸಲ. ಮೇಷ್ಟ್ರು ನಗುತ್ತಿದ್ದರು, ಡಬ್ಬದ ಕೆಲಸ ನೀನು ಮಾಡ್ತಿದ್ದೀಯ, ಸಂಬಳ ಕೇಳು ಅಂತ.

ಹೀಗಿರುವಾಗ ಒಂದು ಬೆಳಿಗ್ಗೆ ಎರಡೂ ಟಿ.ವಿ. ಕಪ್ಪಾದವು. ಅದೇ ಮಧ್ಯಾಹ್ನ ಕಂಪನಿಯಿಂದ ಕಾಗದ. ನಾಲ್ಕು ತಿಂಗಳಿಂದ ಡಬ್ಬಗಳು ವರದಿ ಮಾಡಿಲ್ಲವಾದ್ದರಿಂದ, ಎರಡನೇ ಡಬ್ಬವನ್ನು ನೀವು ಬೇರೊಬ್ಬರ ಮನೆಗೆ ಕೊಟ್ಟು ಮೋಸದಿಂದ ಅರ್ಧ ಶುಲ್ಕ ಕಟ್ಟುತ್ತಿರುವುದು ಖಚಿತಪಟ್ಟಿದೆ. ಬಾಕಿ ಮತ್ತು ದಂಡ ಕಟ್ಟತಕ್ಕದ್ದು.

ಖಚಿತಪಟ್ಟಿದೆ ಅಂತೆ! ಯಾರು ಬಂದು ನೋಡಿದರು? ನಾನು ಹಿಂದಿನ ಕೋಣೆಯಲ್ಲಿ, ಮೇಷ್ಟ್ರ ಮಾತ್ರೆ ಡಬ್ಬಿಯ ಪಕ್ಕದಲ್ಲಿ, ಕರ್ಚೀಫು ಹೊದ್ದು ಕೂತಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದು ಇದಕ್ಕೇ. ಕೇಬಲ್ ಕಡಿದವನು ಗುತ್ತಿಗೆದಾರ, ಮಾತು ಸತ್ತಿದ್ದು ನನಗೆ, ಕಳ್ಳಿ ಅನ್ನಿಸಿಕೊಂಡವರು ರುದ್ರಾಣಮ್ಮ.

ಅಷ್ಟಕ್ಕೇ ನಿಂತಿದ್ದರೂ ನುಂಗಿಕೊಳ್ಳಬಹುದಿತ್ತೇನೋ. ಮಾರನೇ ದಿನ ಕಂಪನಿಯ ಏರಿಯಾ ಮೇಲ್ವಿಚಾರಕ ತೇಜಮೂರ್ತಿ ಎಂಬವನು ಅನ್ಸರನ ಅಂಗಡಿಗೆ ಬಂದು, ಗಾಜಿನ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿ ಹೋದ. 'ಸಂಪರ್ಕ ದುರ್ಬಳಕೆ ಮಾಡಿದ ಗ್ರಾಹಕರು.' ಮೂರನೇ ಹೆಸರು ರುದ್ರಾಣಮ್ಮನವರದು, ಮನೆ ನಂಬರಿನ ಸಮೇತ. ಅನ್ಸರ್ ಬೇಡ ಅಂದನಂತೆ. ಕಿತ್ತರೆ ನಿನ್ನ ಡೀಲರ್‌ಶಿಪ್ಪೂ ಕಿತ್ತೇವು ಅಂತ ತೇಜಮೂರ್ತಿ ಹೆದರಿಸಿದನಂತೆ. ತರಕಾರಿಗೆ ಹೋಗಿದ್ದ ಅಮ್ಮನನ್ನು ಯಾರೋ ತಡೆದು, ಡಬ್ಬ ಯಾರಿಗೋ ಬಾಡಿಗೆಗೆ ಕೊಟ್ಟಿದ್ದೀರಂತೆ, ನಮಗೂ ಒಂದು ಕೊಡ್ರಮ್ಮ ಅಂತ ಹಲ್ಲು ಕಿರಿದರು. ಅವರು ತರಕಾರಿ ಕೊಳ್ಳದೆ ಖಾಲಿ ಚೀಲ ಹಿಡಿದು ಮನೆಗೆ ಬಂದರು. ಹಿಂದಿನ ಕೋಣೆಗೆ ಬಂದು ಮಂಚದ ಅಂಚಿನಲ್ಲಿ ಕೂತರು.

ಮೇಷ್ಟ್ರಿಗೆ ಜಗಳ ಬೇಡ. ಹೋಗ್ಲಿ ಬಿಡು, ಆ ದುಡ್ಡು ಅವರ ಮುಖದ ಮೇಲೆ ಎಸೆದುಬಿಡೋಣ, ಕೋರ್ಟು ಕಚೇರಿ ಅಲೆಯುವ ವಯಸ್ಸೇ ನಮ್ಮದು ಅಂದರು.

"ಕಟ್ಟಿದರೆ ಕದ್ದದ್ದು ನಿಜ ಅಂತಾಗುತ್ತೆ" ಅಂದರು ರುದ್ರಾಣಮ್ಮ. "ಒಂದು ಪೈಸೆ ಕಟ್ಟಲ್ಲ. ನಾನು ನಿಜ ಹೇಳಿದೀನಿ ಅಂತ ಅವರು ಬರೆದುಕೊಡಬೇಕು. ಆ ಬಾಗಿಲಿಗೇ ಅಂಟಿಸಬೇಕು."

ಮೇಷ್ಟ್ರು ದಿಂಬಿನ ಕೆಳಗಿದ್ದ ತಮ್ಮ ಪೆನ್ನು ತೆಗೆದು ಅವರ ಕೈಗೆ ಕೊಟ್ಟರು.

ಜಿಲ್ಲಾ ಕೇಂದ್ರದ ಗ್ರಾಹಕರ ವೇದಿಕೆಯಲ್ಲಿ ದೂರು ದಾಖಲಾಯಿತು. ವಿಚಾರಣೆಯ ದಿನ ಅಮ್ಮ ನಮ್ಮಿಬ್ಬರನ್ನೂ, ಅಂದರೆ ಹಜಾರದ ಡಬ್ಬವನ್ನೂ ನನ್ನನ್ನೂ, ಬೆಡ್‌ಶೀಟಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದರು. ಎರಡೂ ನನ್ನ ಹತ್ತಿರವೇ ಇವೆ ಅಂತ ತೋರಿಸಿದರೆ ಮುಗಿಯಿತಲ್ಲ ಅನ್ನುವುದು ಅವರ ಲೆಕ್ಕ. ನಮ್ಮನ್ನು ಮೇಜಿನ ಮೇಲಿಟ್ಟ ಕೂಡಲೇ ಕಂಪನಿಯ ವಕೀಲ ಎದ್ದು ನಿಂತ. "ನೋಡಿ ಸ್ವಾಮಿ, ಈಗಲೂ ಎರಡನೇ ಬಾಕ್ಸ್ ಮನೆಯಲ್ಲಿಲ್ಲ. ಎಲ್ಲಿಗೆ ಬೇಕಾದರೂ ಹೊತ್ತುಕೊಂಡು ಹೋಗಬಹುದು ಅಂತ ಅವರೇ ತೋರಿಸಿಕೊಟ್ಟರು" ಅಂದ. ಹಿಂದೆ ಕೂತಿದ್ದ ತೇಜಮೂರ್ತಿ ಕಿಸಕ್ಕನೆ ನಕ್ಕ.

ನನಗೆ ಮೈಯೆಲ್ಲ ಉರಿದುಹೋಯಿತು. ವಕೀಲ ಅಲ್ಲಿಗೂ ಬಿಡಲಿಲ್ಲ. ಮನುಷ್ಯರು ಸುಳ್ಳು ಹೇಳುತ್ತಾರೆ, ಯಂತ್ರ ಹೇಳುವುದಿಲ್ಲ, ಬಾಕ್ಸಿನಿಂದ ವರದಿ ಬಂದಿಲ್ಲ ಅಂದಮೇಲೆ ಈಕೆಯ ಮಾತಿಗೆ ಬೆಲೆಯಿಲ್ಲ ಅಂತ ವಾದಿಸಿದ. ಎಲಾ ಇವನ! ನಾನು ಬಾಯಿ ಬಿಟ್ಟಿರಲಿಲ್ಲ ಅಷ್ಟೆ. ನನ್ನ ಮೌನ ತೆಗೆದುಕೊಂಡು ಹೋಗಿ ಅವರ ಸುಳ್ಳು ಅಂತ ಮಾಡಿಬಿಟ್ಟರಲ್ಲ! ಮೂವತ್ತೊಂದು ವರ್ಷ ಒಂದು ತಾಲೂಕಿನ ಗುಟ್ಟು ಕಾಯ್ದವರ ಮಾತಿಗಿಂತ, ಎರಡು ವರ್ಷವೂ ತುಂಬದ ಪ್ಲಾಸ್ಟಿಕ್ಕಿನ ಮಾತು ಹೆಚ್ಚೇ?

ವೇದಿಕೆಯ ಅಧ್ಯಕ್ಷರು ವಯಸ್ಸಾದವರು, ನಿಧಾನಸ್ಥರು. ನಿಮ್ಮದೇನಾದರೂ ಹೇಳುವುದಿದೆಯೇ ಅಂತ ಅಮ್ಮನನ್ನು ಕೇಳಿದರು. ರುದ್ರಾಣಮ್ಮ ಡೈರಿ ತೆರೆದು ನಾಲ್ಕೂ ಕರೆಗಳ ತಾರೀಖು, ಗಂಟೆ, ನಿಮಿಷ, ಎತ್ತಿಕೊಂಡವರ ಹೆಸರು, ಒಂದೊಂದಾಗಿ ಓದಿದರು. ಡೈರಿ ಯಾರು ಬೇಕಾದರೂ ಬರೆಯಬಹುದು ಅಂದ ವಕೀಲ.

"ಬರೀಬಹುದು" ಅಂದರು ಅಮ್ಮ. "ಆದ್ರೆ ನಾನು ಫೋನ್ ಮಾಡಿದಾಗಲೆಲ್ಲ, ಈ ಕರೆಯನ್ನ ಧ್ವನಿಮುದ್ರಿಸಿಕೊಳ್ತೀವಿ ಅಂತ ನಿಮ್ಮವರೇ ಮೊದಲು ಹೇಳ್ತಾರೆ. ಅದನ್ನ ತಂದು ಹಾಕಿ. ನಾನು ಅಲ್ಲಿ ಏನು ಹೇಳಿದೀನೋ ಎಲ್ಲರೂ ಕೇಳಲಿ."

ಕಂಪನಿಯವರ ಮುಖ ಸಣ್ಣದಾಯಿತು. ಅಷ್ಟು ಹಳೆಯದು ಇಟ್ಟುಕೊಂಡಿಲ್ಲ ಅಂದರು, ಹುಡುಕಬೇಕು ಅಂದರು. ಅಧ್ಯಕ್ಷರು ಮೂರು ವಾರ ಕೊಟ್ಟರು. ತರದಿದ್ದರೆ ಡೈರಿಯನ್ನೇ ನಂಬುತ್ತೇನೆ ಅಂದರು. ಮೂರು ವಾರದ ಮೇಲೆ ಲ್ಯಾಪ್‌ಟಾಪ್ ತಂದು ಅದೇ ಮೇಜಿನ ಮೇಲಿಟ್ಟರು. ನಾವಿಬ್ಬರೂ ಪಕ್ಕದಲ್ಲೇ ಇದ್ದೆವು.

ಅದರಿಂದ ಅವರ ಧ್ವನಿ ಬಂತು. ಒಂದು ಕಾಲದಲ್ಲಿ ಊರೆಲ್ಲ ಕೇಳಿದ್ದ ಆ ಖಡಕ್ ಆಪರೇಟರ್ ಧ್ವನಿ. "ತಿಪಟೂರಿನಿಂದ ರುದ್ರಾಣಮ್ಮ ಮಾತಾಡ್ತಿರೋದು. ನಮ್ಮ ಬೀದಿಯ ಲೈನು ಸತ್ತಿದೆ. ಡಬ್ಬಗಳು ಹೇಳಬೇಕಾದ್ದನ್ನ ನಾನೇ ಹೇಳ್ತಿದೀನಿ. ಎರಡೂ ಮನೇಲೇ ಇವೆ. ಬರಕೊಳ್ಳಿ." ಅತ್ತಲಿಂದ ಒಬ್ಬಳು ಹುಡುಗಿ, "ಖಂಡಿತ ಮೇಡಂ, ಬರಕೊಂಡಿದೀನಿ" ಅಂದಳು. ಹೀಗೆ ನಾಲ್ಕು ಸಲ. ನಾಲ್ಕು ಸಲವೂ ಖಂಡಿತ, ನಾಲ್ಕು ಸಲವೂ ಬರೆದುಕೊಂಡಿದ್ದೇವೆ. ಅಧ್ಯಕ್ಷರು ತೇಜಮೂರ್ತಿಯ ಕಡೆ ನೋಡಿದರು, ಅವನು ನೆಲ ನೋಡಿದ.

ಆದೇಶ ಬಂತು. ದಂಡ ರದ್ದು, ಪಟ್ಟಿ ಕೀಳಬೇಕು, ಗ್ರಾಹಕಿ ನಿಜ ಹೇಳಿದ್ದಾರೆ ಅಂತ ಕಂಪನಿ ಬರೆದುಕೊಟ್ಟು ಅದೇ ಬಾಗಿಲಿಗೆ ಅಂಟಿಸಬೇಕು. ಹದಿನೈದು ದಿನಕ್ಕೆ ತೇಜಮೂರ್ತಿಯೇ ಬಾಗಿಲಿಗೊಂದು ಪ್ರತಿ ಅಂಟಿಸಿ, ಕಾಗದ ಹಿಡಿದು ಮನೆಗೆ ಬಂದ, ಜೊತೆಗೆ ಅನ್ಸರ್. ಅಷ್ಟು ಹೊತ್ತಿಗೆ ಹೊಸ ಕೇಬಲ್ಲೂ ಬಂದು ಫೋನಿಗೆ ಜೀವ ಬಂದಿತ್ತು. ಅಮ್ಮ ಕಾಗದವನ್ನು ನಿಂತೇ ಎರಡು ಸಲ ಓದಿದರು. ಓದುತ್ತ ಕಣ್ಣು ಒರೆಸಿಕೊಂಡರು. ಬಂದವರಿಗೆ ಕಾಫಿ ಕೊಟ್ಟರು, ಮನೆಗೆ ಬಂದವರಲ್ಲವೇ.

ಕಾಫಿ ಮುಗಿಸಿ ತೇಜಮೂರ್ತಿ ಹೊಸ ವೈರು ತೆಗೆದ. ಇನ್ನೇನೂ ತೊಂದರೆಯಿಲ್ಲ ಮೇಡಂ, ಇದನ್ನು ಸಿಕ್ಕಿಸಿಬಿಟ್ಟರೆ ಮುಂದಿನ ಐದನೇ ತಾರೀಖಿನಿಂದ ಬಾಕ್ಸ್ ತಾನೇ ಹೇಳುತ್ತೆ, ನೀವು ಅಲೆಯುವ ಹಾಗಿಲ್ಲ ಅಂದ. ನನ್ನ ಬೆನ್ನಿಗೆ ಕೈ ಹಾಕಿದ.

"ಇರಪ್ಪ" ಅಂದರು ರುದ್ರಾಣಮ್ಮ. "ನಾನು ನಿಜ ಹೇಳಿದೆ ಅಂತ ಈಗ ತಾನೆ ನೀವೇ ಬರೆದುಕೊಟ್ರಿ. ಹಾಗಾದ್ರೆ ಮುಂದಿನ ತಿಂಗಳೂ ನನ್ನನ್ನೇ ಕೇಳಿ. ನಂಬರ್ ನಿಮ್ಮ ಹತ್ರ ಇದೆ."

ಅವನು ತೊದಲಿದ. ಕಂಪ್ಯೂಟರಿನಲ್ಲಿ ಅದಕ್ಕೆ ಜಾಗವಿಲ್ಲ ಅಂದ, ಮನುಷ್ಯರು ಹೇಳಿದ್ದು ವರದಿ ಅಂತ ದಾಖಲಾಗುವುದಿಲ್ಲ ಅಂದ. ವೈರು ಬೇಡವೆಂದರೆ ಪೂರ್ತಿ ಶುಲ್ಕ ಕಟ್ಟಬೇಕು, ಇಲ್ಲ ಎರಡನೇ ಡಬ್ಬವನ್ನೇ ಬಿಡಬೇಕು. ಅಮ್ಮ ಮೇಷ್ಟ್ರ ಮುಖ ನೋಡಿದರು. ಕಬಡ್ಡಿ ಅವರದು, ಕೋಣೆ ಅವರದು. ಮೇಷ್ಟ್ರು ಕೋಲು ಊರಿ ಎದ್ದು, ಒಂದೊಂದೇ ಹೆಜ್ಜೆ ಇಟ್ಟು ಬಂದು, ತಮ್ಮ ಕೈಯಾರೆ ನನ್ನ ಕರೆಂಟಿನ ಪ್ಲಗ್ಗು ಕಿತ್ತರು. ಕರ್ಚೀಫು ಮಡಿಸಿ ಜೇಬಿಗಿಟ್ಟುಕೊಂಡರು. ನನ್ನನ್ನು ಅನ್ಸರನ ಕೈಗೆ ಕೊಟ್ಟು, ಇವನದೇನೂ ತಪ್ಪಿಲ್ಲ, ಜೋಪಾನ ಅಂದರು.

ಗೆದ್ದವರ ಮನೆಯಿಂದ ಹೊರಬಿದ್ದವನು ನಾನೊಬ್ಬನೇ. ನ್ಯಾಯವೇ ಇದು? ಎಷ್ಟೋ ದಿನ ಹಲ್ಲು ಕಡಿದೆ. ಅನ್ಸರನ ಅಟ್ಟದಲ್ಲಿ ಒಂದು ವರ್ಷ, ಆಮೇಲೆ ರೈಲ್ವೆ ಸ್ಟೇಷನ್ ಎದುರಿನ ಲಾಡ್ಜಿನ ಆರನೇ ನಂಬರ್ ರೂಮು. ಅಲ್ಲಿ ಪೂರ್ತಿ ಶುಲ್ಕ ಕಟ್ಟುತ್ತಿದ್ದರು, ಯಾರೂ ಯಾವ ವರದಿಯನ್ನೂ ಕೇಳಲಿಲ್ಲ. ನಾನು ಯಾರ ಮನೆಯವನೂ ಅಲ್ಲ ಅನ್ನುವುದಕ್ಕೆ ಇನ್ನೂರು ರೂಪಾಯಿ ಸಾಕಾಗಿತ್ತು. ಐದಾರು ವರ್ಷ ಹೀಗೆ ಸವೆದು, ಸಿಗ್ನಲ್ ಹಿಡಿಯಲಾರದೆ, ಕೊನೆಗೆ ಈ ಗುಜರಿ ಅಂಗಡಿಗೆ ಬಂದು ಬಿದ್ದೆ.

ಇಲ್ಲಿ ನನ್ನಂಥವರು ಗೋಡೆಯೆತ್ತರ ಇದ್ದಾರೆ. ಲ್ಯಾಂಡ್‌ಲೈನ್ ಫೋನುಗಳೂ ಇವೆ, ಬಾಯಿ ಕಿವಿ ಬೇರೆ ಬೇರೆಯಾಗಿ. ಇಷ್ಟು ಹೊತ್ತಿಗೆ ನನ್ನ ಸಿಟ್ಟು ಇಳಿಯಬೇಕಿತ್ತು, ಇಳಿದಿಲ್ಲ, ಇಳಿಯುವುದೂ ಬೇಡ. ಯಂತ್ರ ಸುಳ್ಳು ಹೇಳುವುದಿಲ್ಲ ಅಂತ ನನ್ನನ್ನು ಮೇಜಿನ ಮೇಲಿಟ್ಟು ಅಷ್ಟೊಂದು ವಾದ ಮಾಡಿದರಲ್ಲ, ನನ್ನ ಕಡೆ ತಿರುಗಿ ನೀನೇನಪ್ಪ ಹೇಳ್ತೀಯ ಅಂತ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ನನ್ನ ಹತ್ತಿರ ಒಂದೇ ಮಾತಿತ್ತು. ನನ್ನನ್ಯಾಕೆ ಕೇಳ್ತೀರಿ, ರುದ್ರಾಣಮ್ಮನವರನ್ನ ಕೇಳಿ.