ಕಣಿಯಕ್ಕ ಬರೆಸಿದ ಮಂಗಳವಾರ

ಕಣಿಯಕ್ಕ ಯಾರ ಮನೆಗೆ ಹೋದರೂ ಮೊದಲು ನೋಡುತ್ತಿದ್ದುದು ಮನೆಯವರ ಮುಖವನ್ನಲ್ಲ, ಬಚ್ಚಲಿನ ಹೊಸ್ತಿಲನ್ನು. ಇಂದು ಸಲೀಸಾಗಿ ದಾಟುವ ಆ ಮನೆಯವರ ಕಾಲುಗಳು ಹತ್ತು ವರ್ಷದ ಮೇಲೂ ಅದನ್ನು ದಾಟಿಯಾವೇ ಎಂದು ಅಳೆದುಕೊಂಡ ಮೇಲೆಯೇ ಅವಳು ಕುರ್ಚಿಗೆ ಬರುತ್ತಿದ್ದಳು. ನಡಿಗೆಯೂ ಹಾಗೆಯೇ, ದೇಹಕ್ಕಿಂತ ತಲೆ ಅರ್ಧ ಹೆಜ್ಜೆ ಮುಂದೆ. ಬೂದು ಕೋಟಿನ ಜೇಬಿನ ತುಂಬ ಪೆನ್ಸಿಲ್ ಹೆರೆದ ಚೂರುಗಳು.

ಅವಳು ಕೆಲಸ ಮಾಡುತ್ತಿದ್ದ ಸಮಾಜ ಕಲ್ಯಾಣ ಕಚೇರಿಯಲ್ಲಿ ಅವಳಿಗೆ ಆ ಹೆಸರಿಟ್ಟವನು ಗುಮಾಸ್ತ. ದಿನಾ ಬೆಳಿಗ್ಗೆ ಅಂಗೈ ಚಾಚಿ ತನ್ನ ಬಡ್ತಿ ಯಾವಾಗ ಎಂದು ಕೇಳುತ್ತಿದ್ದ.

"ಬಡ್ತಿ ಗೊತ್ತಿಲ್ಲಪ್ಪ. ಐದು ವರ್ಷಕ್ಕೆ ನಿನ್ನ ಮೊಣಕಾಲು ಮಾತ್ರ ಹೋಗುತ್ತೆ. ಅವತ್ತು ಈ ಕಚೇರೀನ ಮೂರನೇ ಮಹಡಿಯಿಂದ ಕೆಳಗೆ ತನ್ನಿ ಅಂತ ನೀನೇ ಅರ್ಜಿ ಬರೀತೀಯ."

ಎಲ್ಲರೂ ನಗುತ್ತಿದ್ದರು. ಊಟದ ಹೊತ್ತಿಗೆ ಮಾತ್ರ ಅವಳ ಪಕ್ಕದ ಕುರ್ಚಿ ಖಾಲಿ ಉಳಿಯುತ್ತಿತ್ತು. ನಾಳೆಯನ್ನೇ ಮಾತಾಡುವವರ ಪಕ್ಕ ಕೂತರೆ ತುತ್ತು ಇಳಿಯುವುದು ಕಷ್ಟ.

ಉದ್ದನೆಯ ಕಾಗದದ ಸುರುಳಿಯನ್ನು ನೆಲಕ್ಕೆ ಹಾಸಿ, ಹತ್ತು ವರ್ಷದಾಚೆಯ ಯಾವುದೋ ಒಂದು ಸಾಮಾನ್ಯ ಮಂಗಳವಾರವನ್ನು ಗಂಟೆ ಗಂಟೆಗೆ ಬರೆಯಿರಿ ಎಂದು ಅವಳು ಮನೆಯವರಿಗೇ ಹೇಳುತ್ತಿದ್ದಳು. ಬಾಗಿಲು ಯಾರು ತೆಗೆಯುತ್ತಾರೆ, ಮಾತ್ರೆ ಯಾರು ಕೊಡುತ್ತಾರೆ, ಎಲ್ಲವನ್ನೂ. ಪೆನ್ನಿನಲ್ಲಿ ಬರೆದರೆ ಕಣಿ ಹೇಳಿದಂತಾಗುತ್ತದೆ, ಪೆನ್ಸಿಲಿನಲ್ಲಾದರೆ ತಿದ್ದಬಹುದು ಎನ್ನುವುದು ಅವಳ ನಂಬಿಕೆ.

ಹಾಗೆ ಬರೆದವರಲ್ಲಿ ಬಟ್ಟೆ ಹೊಲಿಯುವ ಎಪ್ಪತ್ತೆರಡರ ತಾಯಿಯೊಬ್ಬಳಿದ್ದಳು. ಹುಟ್ಟಿನಿಂದ ಬುದ್ಧಿ ನಿಧಾನವಾದ ಅವಳ ಮಗ ನಲವತ್ತು ದಾಟಿದರೂ ಪ್ರತಿಯೊಂದಕ್ಕೂ ಅವಳನ್ನೇ ನೆಚ್ಚಿದ್ದ. ಆಕೆಯ ಮಂಗಳವಾರದಲ್ಲಿ ಆರಕ್ಕೆ ಅವನನ್ನು ಎಬ್ಬಿಸುವವಳು 'ನಾನು', ಏಳಕ್ಕೆ ಅಂಗಿಯ ಗುಂಡಿ ಹಾಕುವವಳು 'ನಾನು', ಕೊನೆಗೆ ಹೊದಿಕೆ ಹೊದಿಸುವವಳೂ 'ನಾನು'. ಕಣಿಯಕ್ಕ ಕಾಗದದ ಮೂಲೆಯಲ್ಲಿ, ಆ ಮಂಗಳವಾರದ ಹೊತ್ತಿಗೆ ಆಕೆಗಾಗುವ ವಯಸ್ಸನ್ನಷ್ಟೇ ಬರೆದಳು: ಎಂಬತ್ತೆರಡು.

"ನಾನು ಸಾಯೋದನ್ನೇ ಕಾಯ್ತಿದ್ದೀಯೇನೆ?" ತಾಯಿ ಕಾಗದ ಸುತ್ತಿ ಅವಳ ಕೈಗೆ ತುರುಕಿ ಬಾಗಿಲು ಹಾಕಿಕೊಂಡಳು.

ಮುಂದಿನ ವಾರ ಕಣಿಯಕ್ಕ ಮತ್ತೆ ಅದೇ ಬಾಗಿಲಲ್ಲಿ ನಿಂತಿದ್ದಳು. ಬೈಸಿಕೊಳ್ಳುವುದೂ ಸಂಬಳದ ಕೆಲಸವೇ ಎಂಬಂತೆ ಹನ್ನೊಂದು ವಾರ ಬೈಸಿಕೊಂಡಳು. ಹನ್ನೆರಡನೆಯ ವಾರ ತಾಯಿ ಒಂದೇ ಒಂದು 'ನಾನು' ಅಳಿಸಿದಳು, ಗುಂಡಿಯದು. ಮೊದಲ ದಿನ ಮಗನಿಗೆ ಮುಕ್ಕಾಲು ಗಂಟೆ ಹಿಡಿಯಿತು. ಗುಂಡಿಗೂ ಕಾಜಕ್ಕೂ ತಾಳೆಯಾಗದ ಅಷ್ಟು ಹೊತ್ತೂ ತಾಯಿ ತನ್ನ ಕೈಗಳ ಮೇಲೆ ತಾನೇ ಕೂತಿದ್ದಳು.

ನಾಲ್ಕು ವರ್ಷಗಳಲ್ಲಿ ಉಳಿದ 'ನಾನು'ಗಳೂ ಅಳಿದವು. ಮಗ ಎರಡು ಬೀದಿಯಾಚೆ, ತನ್ನಂಥ ಐವರು ಒಬ್ಬ ಮೇಲ್ವಿಚಾರಕಿಯೊಂದಿಗೆ ಇರುವ ಮನೆ ಸೇರಿದ. ಕಣಿಯಕ್ಕ ಬಯಸಿದ್ದೂ ಅದನ್ನೇ. ಮುಂದೆಂದೋ ತಾಯಿ ತೀರಿಕೊಂಡ ದಿನವೇ ಅವನು ಮನೆಯನ್ನೂ ಕಳೆದುಕೊಳ್ಳಬಾರದು ಎಂಬುದು ಅವಳ ಲೆಕ್ಕ.

ಒಂದು ಮಧ್ಯಾಹ್ನ ಕಣಿಯಕ್ಕ ತಾಯಿಯ ಮನೆಗೆ ಹೋದಾಗ ಮಗ ತಾಯಿಯನ್ನು ನೋಡಲು ಬಂದಿದ್ದ. ಟೀ ಕುಡಿದು ಎದ್ದವನು, "ಬರ್ತೀನಮ್ಮ, ಮನೆಗೆ ಹೋಗ್ಬೇಕು" ಎಂದು ನೆಟ್ಟಗೆ ನಡೆದುಹೋದ.

"ಎಲ್ಲಿಗೆ ಅಂದ, ಕೇಳಿಸ್ತಾ?" ಎಂದಳು ತಾಯಿ. "ಗೆದ್ದೆ ಕಣೆ ನೀನು. ಅವನ ಮಂಗಳವಾರ ಚೆನ್ನಾಗೇ ಬರೆಸಿದೆ. ನನ್ನದನ್ನ ಯಾರು ಬರೀತಾರೆ?"

ಕಣಿಯಕ್ಕನಿಗೆ ಆಗ ಹೊಳೆಯಿತು: ಅಳಿಸಿದ 'ನಾನು'ಗಳೆಲ್ಲ ಎಲ್ಲಿಗೆ ಹೋಗಬೇಕೆಂದು ಆ ನಾಲ್ಕು ವರ್ಷ ತಾನು ಕೇಳಿಯೇ ಇರಲಿಲ್ಲ. ಅವಳೂ ದಿನಾ ತನ್ನ ಒಂಟಿ ಕೋಣೆಗೇ ಬೀಗ ತೆಗೆದು ಹೋಗುವವಳು. ಸುರುಳಿ ಬಿಚ್ಚದೆ ಕೂತಳು.

"ಟೀ ಉಳಿದಿದೆಯಾ ಅಮ್ಮ?"

"ಆರಿ ತಣ್ಣಗಾಗಿದೆ."

"ಪರವಾಗಿಲ್ಲ, ಕೊಡಿ."

ಇನ್ನೊಬ್ಬರ ನಾಳೆಯನ್ನು ಕಾಯುವ ಜನ ಇಂಥವರು. ನಮಗಿಂತ ಮೊದಲೇ ಅಲ್ಲಿಗೆ ಒಬ್ಬರೇ ಹೋಗಿ, ಎಡವುವ ಕಲ್ಲುಗಳನ್ನು ಕಣ್ಣಿಗೆ ಬಿದ್ದಷ್ಟು ಎತ್ತಿಟ್ಟು ಬರುತ್ತಾರೆ. ಬಿಟ್ಟ ಕಲ್ಲಿಗೆ ಎಡವಿದರೆ ಅವರನ್ನು ದೂರುತ್ತೇವೆ. ಎತ್ತಿಟ್ಟ ಕಲ್ಲು ಅಲ್ಲಿತ್ತೆಂದೇ ನಮಗೆ ತಿಳಿಯುವುದಿಲ್ಲ.