ಕೊಳವೆಯ ಮೇಲೆ ಮೂರು ಪೆಟ್ಟು

ಗಣಿಯ ಪಂಪುಮನೆಯಲ್ಲಿ ಇಪ್ಪತ್ತು ವರ್ಷ ದುಡಿದವಳನ್ನು ಊರೆಲ್ಲ ಪಂಪಿನಕ್ಕ ಎನ್ನುತ್ತಿತ್ತು. ನಿಜವಾಗಿ ಅವಳು ಅಕ್ಕನಾಗಿದ್ದುದು ಒಬ್ಬನಿಗೆ ಮಾತ್ರ. ಆ ತಮ್ಮ ಈಗ ಇಪ್ಪತ್ತೊಂದು ಜನರ ಜೊತೆ ನಾನೂರು ಅಡಿ ಕೆಳಗೆ ಮುಷ್ಕರಕ್ಕೆ ಕೂತಿದ್ದ. ಕೇಳಿದ್ದಾದರೂ ಏನು ಮಹಾ? ಸುರಂಗದ ಸೂರು ತಲೆಮೇಲೆ ಕುಸಿಯದಂತೆ ನಾಲ್ಕು ಗಟ್ಟಿ ಮರದ ಕಂಬ. ಅಷ್ಟಕ್ಕೇ ಸರ್ಕಾರ ಸೈನ್ಯ ಕಳಿಸಿತ್ತು.

ಐದನೆಯ ದಿನ ಬೆಳಿಗ್ಗೆ ಕ್ಯಾಪ್ಟನ್ ಬಂದವನೇ ಪಂಪು ನಿಲ್ಲಿಸಿದ. ಪಂಪು ನಿಂತರೆ ಕೆಳಗೆ ನೀರು ಏರುತ್ತದೆ. ಆಗ ಕೆಳಗಿನವರು ನೀರಿನ ಕೊಳವೆಗೆ ಸುತ್ತಿಗೆಯಿಂದ ಮೂರು ಪೆಟ್ಟು ಹೊಡೆದು ಕೇಳಬೇಕು. ಮೇಲಿಂದ ಮೂರು ಪೆಟ್ಟು ಬಂದರೆ ದಾರಿ ಕ್ಷೇಮ, ಹತ್ತಿ ಬನ್ನಿ ಎಂದರ್ಥ. ಬಾರದಿದ್ದರೆ ಪ್ರಾಣ ಹೋದರೂ ಏಣಿಗೆ ಕಾಲಿಡುವಂತಿಲ್ಲ. ಅಪ್ಪಂದಿರ ಕಾಲದಿಂದ ಬಂದ ಕಟ್ಟಳೆ.

ಕೊಳವೆ ಮೂರು ಸಲ ಸದ್ದು ಮಾಡಿತು.

"ಬಾರಿಸಿ ಅಮ್ಮ," ಎಂದ ಕ್ಯಾಪ್ಟನ್. "ಹೆಸರು ಬರ್ಕೊಂಡು ಮನೆಗೆ ಕಳಿಸ್ತೀವಿ. ಯಾರ ಕೂದಲೂ ಕೊಂಕಲ್ಲ."

"ನನ್ನ ತಮ್ಮ ಇದಾನೆ ಕೆಳಗೆ. ನಂಬಲಾ?"

"ನನಗೂ ಅಕ್ಕ ಇದಾಳೆ."

ಕಂಡವರ ಮಾತಿಗೆ ಮರುಳಾಗುವ ಪೆದ್ದಿಯಲ್ಲ ಅವಳು. ನೀರು ಏರುವ ವೇಗ ಬಲ್ಲವಳು, ಬೇರೆ ದಾರಿ ಕಾಣದೆ ನಂಬಿ ಬಾರಿಸಿದಳು.

ಇಪ್ಪತ್ತೊಂದು ಜನ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಮೇಲೆ ಬಂದರು. "ಏನಕ್ಕಾ, ನಿನ್ನ ಪಂಪೂ ಮುಷ್ಕರಕ್ಕೆ ಕೂತ್ಕೊಂಡ್ತಾ?" ಎಂದು ಒಬ್ಬ ತಮಾಷೆ ಮಾಡಿದ. ಸೈನಿಕರು ಅವರನ್ನು ಹೆಸರು ಬರೆಸಲು ಕಟ್ಟಿಗೆ ರಾಶಿಯ ಹಿಂದೆ ಕರೆದೊಯ್ದರು. ಆಮೇಲೆ ಎಲ್ಲ ಬಂದೂಕುಗಳೂ ಒಟ್ಟಿಗೇ ಸಿಡಿದವು.

ನಾನೂರು ಅಡಿ ಆಳಕ್ಕೆ ಗುಂಡಿನ ಸದ್ದು ಇಳಿಯುವುದಿಲ್ಲ. ಕೊಳವೆ ಮತ್ತೆ ಮೂರು ಸಲ ಬಡಿಯಿತು. ಕೊಳವೆಯ ಹತ್ತಿರ ಕೊನೆಗೆ ಉಳಿಯುವವನು, ಎಲ್ಲರೂ ಕ್ಷೇಮವಾಗಿ ತಲುಪಿದರಾ ಎಂದು ಕೇಳಿ, ಉತ್ತರ ಬಂದ ಮೇಲೇ ಹೊರಡಬೇಕು. ಹಾಗೆ ಉಳಿದವನು ಅವಳ ತಮ್ಮ.

ಅವಳು ಪಂಪು ಚಾಲೂ ಮಾಡಲು ಹಾರಿದಳು. ಸೈನಿಕನೊಬ್ಬ ಬಂದೂಕಿನ ಹಿಡಿಯಿಂದ ಹೆಗಲಿಗೆ ಬಾರಿಸಿ ಕೆಡವಿದ.

"ನಿಮ್ಮಿಷ್ಟ," ಎಂದ ಕ್ಯಾಪ್ಟನ್. "ಉತ್ತರ ಕೊಡದಿದ್ರೂ ನಮಗೇನಿಲ್ಲ. ನೀರೇ ನೋಡ್ಕೊಳ್ಳುತ್ತೆ."

ಮತ್ತೆ ಮೂರು ಪೆಟ್ಟು. ಮತ್ತೆ ಮೂರು. ಕಟ್ಟಳೆ ಮೀರುವ ಜಾತಿಯವನಲ್ಲ ಅವನು. ನೀರು ಕುತ್ತಿಗೆಗೆ ಬಂದರೂ ಕಾಯುತ್ತಾನೆ. ಚಿಕ್ಕವನಿದ್ದಾಗ ಕತ್ತಲೆಂದರೆ ಹೆದರಿ ಅವಳ ಕೈ ಹಿಡಿದೇ ಮಲಗುತ್ತಿದ್ದವನು. ಆ ಕತ್ತಲಲ್ಲಿ ಒಬ್ಬನೇ ಸಾಯಲಿ ಎಂದು ಬಿಡಲು ಅವಳಿಂದ ಆಗಲಿಲ್ಲ. ಸುತ್ತಿಗೆ ಎತ್ತಿ, ಎಲ್ಲರೂ ಕ್ಷೇಮ ಎಂದು ಮೂರು ಪೆಟ್ಟು ಹೊಡೆದಳು.

ಎದೆಮಟ್ಟ ನೆನೆದು, ಮುಖದ ತುಂಬ ಕೆಸರು ಮಾಡಿಕೊಂಡು ಅವನು ಬಂದ.

"ಎಲ್ಲ ಮನೆಗೆ ಹೋದ್ರಾ ಅಕ್ಕಾ?"

"ಹೋದ್ರು ಕಣೋ. ಬಾ, ಮುಖ ಒರೆಸ್ತೀನಿ."

ಅವಳು ನಿಧಾನವಾಗಿ, ಕಿವಿಯ ಹಿಂದೆಲ್ಲ ಬಿಡದೆ ಒರೆಸಿದಳು. ಒರೆಸಿ ಮುಗಿಯುವವರೆಗೂ ಕ್ಯಾಪ್ಟನ್ ಕಾದ. ಅಷ್ಟು ಮರ್ಯಾದೆ ಅವನಿಗಿತ್ತು.